ನಡುಸಮುದ್ರದ ದ್ವೀಪಕ್ಕೆ ಜೇಡ ಹೋಗಿದ್ದು ಹೇಗೆ?

ಪ್ರಶ್ನೆ: ಹವಾಯಿಯ ಕವಾಯಿ ದ್ವೀಪದಲ್ಲಿ ಕಣ್ಣೇ ಇಲ್ಲದ ಜೇಡ ಇದೆಯಂತೆ, ಬೇರೆಲ್ಲೂ ಇಲ್ಲವಂತೆ. ಹಾಗಾದರೆ ಅದು ಅಲ್ಲಿಗೆ ಹೋಗಿದ್ದು ಹೇಗೆ?
– ಓದುಗರೊಬ್ಬರು, ಉಣಕಲ್, ಹುಬ್ಬಳ್ಳಿ

ಹಾರಿಕೊಂಡು ಹೋಗಿರಬೇಕು. ಈ ಜೇಡವಲ್ಲ, ಕಣ್ಣಿದ್ದ ಇದರ ಹಿರೀಕರು.

ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ನವಲಗುಂದದ ಕಡೆ ಎರಿ ಹೊಲಕ್ಕೆ ಹೋಗಿ. ಕಡಲೆ ಗಿಡಗಳ ಮೇಲೆ, ಬದುವಿನ ಹುಲ್ಲಿನ ಮೇಲೆ ಇಬ್ಬನಿ ಹಿಡಿದ ಎಳೆಗಳು ಹೊಳೆಯುತ್ತಿರುತ್ತವೆ. ಎಲ್ಲವೂ ಬಲೆಯಲ್ಲ. ಮರಿಜೇಡ ಹುಲ್ಲಿನ ತುದಿಗೆ ಹತ್ತಿ, ಕಾಲು ನೆಟ್ಟಗೆ ಮಾಡಿ, ಹಿಂಭಾಗ ಎತ್ತಿ ನೂಲು ಬಿಡುತ್ತದೆ. ಗಾಳಿ ಸಿಕ್ಕರೆ ಹೊರಟಿತು. ಎಲ್ಲಿ ಇಳಿಯಬೇಕು ಅನ್ನೋದು ಮಾತ್ರ ಅದರ ಕೈಯಲ್ಲಿಲ್ಲ. ಹೆಚ್ಚಿನವು ಪಕ್ಕದ ಹೊಲದಲ್ಲೇ ಬೀಳುತ್ತವೆ, ಕೆಲವು ಸಮುದ್ರ ದಾಟುತ್ತವೆ. 1832ರಲ್ಲಿ ಡಾರ್ವಿನ್ ಇದ್ದ ಬೀಗಲ್ ಹಡಗು ದಡದಿಂದ ಸುಮಾರು 60 ಮೈಲಿ ಆಚೆ ಇದ್ದಾಗ, ಅದರ ಹಗ್ಗಗಳ ತುಂಬ ಪುಟಾಣಿ ಜೇಡಗಳು ಬಂದು ಕೂತಿದ್ದವು. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದು ದ್ವೀಪ ಬೋಳಾಯಿತಲ್ವಾ? ಮರುವರ್ಷ ಹೋದವರಿಗೆ ಅಲ್ಲಿ ಕಂಡಿದ್ದು ಒಂದೇ ಒಂದು ಸಣ್ಣ ಜೇಡ. ತಿನ್ನಲು ಏನೂ ಇರಲಿಲ್ಲ, ಆದರೂ ಬಲೆ ನೇಯುತ್ತಿತ್ತು!

ಕವಾಯಿಯೂ ಜ್ವಾಲಾಮುಖಿಯಿಂದಲೇ ಎದ್ದ ದ್ವೀಪ, ವಯಸ್ಸು ಸುಮಾರು 50 ಲಕ್ಷ ವರ್ಷ. ಯಾವ ಖಂಡಕ್ಕೂ ಯಾವತ್ತೂ ಅಂಟಿಕೊಂಡಿರಲಿಲ್ಲ.

ಈ ಜೇಡ ತೋಳ ಜೇಡಗಳ ಮನೆತನದ್ದು. ಇದರ ಬಳಗ ನಮ್ಮಲ್ಲೂ ಇದೆ. ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕವೇ ಹಿಡಿದು ಹಿತ್ತಲಿನ ಹುಲ್ಲಿನ ಮೇಲೆ ಬೆಳಕು ಬಿಡಿ. ಅಲ್ಲಲ್ಲಿ ಸೂಜಿಮೊನೆಯಷ್ಟು ಹಸಿರು ಹೊಳಪು ಕಾಣುತ್ತದೆ. ಇಬ್ಬನಿ ಅಂದುಕೊಳ್ಳಬೇಡಿ, ಹತ್ತಿರ ಹೋದರೆ ಓಡುತ್ತದೆ. ದೊಡ್ಡ ಕಣ್ಣೇ ಈ ಮನೆತನದ ಗುರುತು.

ಕವಾಯಿಯ ಕೊಲೋವ ಪ್ರದೇಶದಲ್ಲಿ ಲಾವಾ ಹರಿದು ಉಳಿದ ಗುಹೆಗಳಿವೆ. ಗವ್ವೆನ್ನುವ ಕತ್ತಲು, ಸದಾ ತೇವ. ಅಲ್ಲಿ ಕಣ್ಣಿಟ್ಟುಕೊಂಡು ಏನು ಮಾಡುವುದು? ತಲೆಮಾರು ಕಳೆದಂತೆ ಕಣ್ಣು ಪೂರ್ತಿ ಹೋಯಿತು. 1973ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಒಂದು ಸಲಕ್ಕೆ 15ರಿಂದ 30 ಮೊಟ್ಟೆ, ಅಷ್ಟೇ. ಹೊರಗಿನ ತೋಳ ಜೇಡಗಳಿಗೆ ನೂರು ದಾಟುವುದುಂಟು.

ಬೇರೆ ಕಡೆ ಯಾಕಿಲ್ಲ ಅಂದರೆ, ಹೊರಗಿನ ಒಣಗಾಳಿ ಇದಕ್ಕೆ ತಡೆಯದು. ಗುಹೆಯೊಳಗೆ ಹಾರಿಸುವ ಗಾಳಿಯೂ ಇಲ್ಲ. ಊಟವೂ ಅಲ್ಲೇ: ಸೀಗಡಿಯ ಬಳಗದ ಪುಟ್ಟ ಕುರುಡು ಪ್ರಾಣಿ. ಆ ಪ್ರಾಣಿ ತಿನ್ನುವುದು ಗುಹೆಗೆ ಇಳಿದ ಕೊಳೆತ ಬೇರು. ಮೇಲೆ ಕಟ್ಟಡಕ್ಕೆ ಅಂತ ಮರ ಕಡಿದರೆ, ಕೆಳಗೆ ಜೇಡಕ್ಕೆ ಉಪವಾಸ.