ಮನೆ ಮೊದಲು, ನೀರು ಆಮೇಲೆ: ಪುಣೆ ಅಂಚಿನ ಹಳ್ಳಿಗಳ ಕತೆ

ಪುಣೆ ಅಂಚಿನ ಉಂಡ್ರಿಯಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಗೆ ಬೆಳಗ್ಗೆ ಐದೂವರೆಗೆ ಮೊದಲ ಟ್ಯಾಂಕರ್ ಬರುತ್ತದೆ. ಸಿಂದಗಿ ಕಡೆಯ ವಾಚ್‌ಮನ್ ಸಂಪಿನ ಮುಚ್ಚಳ ಎತ್ತುತ್ತಾರೆ. ದಪ್ಪ ಪೈಪು ಇಳಿಬಿಟ್ಟು, ಟಾರ್ಚ್ ಹಿಡಿದು ನೀರಿನ ಬಣ್ಣ ನೋಡುತ್ತಾರೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಬೇಸಿಗೆಯಲ್ಲಿ ಸಂಜೆಯೊಳಗೆ ಗೆರೆ ಹತ್ತು ದಾಟುತ್ತವೆ. ಊರಿಂದ ಬಂದ ನೆಂಟರು ಕೇಳುವುದು ಒಂದೇ: ನಾಲ್ಕು ಡ್ಯಾಮ್ ಇರೋ ಊರಲ್ಲಿ ನೀರಿಲ್ವಾ?

ನೀರಿದೆ. ಮೊದಲಿಂದಲೂ ಇತ್ತು. ಪೇಶ್ವೆಗಳ ಕಾಲದಲ್ಲಿ ಕಾತ್ರಜ್ ಕೆರೆಯ ನೀರು ನೆಲದೊಳಗಿನ ಕಾಲುವೆಯಲ್ಲಿ ಪೇಟೆಯ ಹೌದುಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ಬರುತ್ತಿತ್ತು. ಬ್ರಿಟಿಷರು ಮುಠಾ ನದಿಗೆ ಖಡಕ್‌ವಾಸ್ಲಾ ಅಣೆಕಟ್ಟು ಕಟ್ಟಿದರು. ನಮ್ಮ ವಿಶ್ವೇಶ್ವರಯ್ಯನವರು ರೂಪಿಸಿದ, ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದು ಇಲ್ಲೇ. 1961ರ ಜುಲೈ 12ರಂದು ಇನ್ನೂ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು, ಹಿಂದೆಯೇ ಖಡಕ್‌ವಾಸ್ಲಾ ಒಡೆದು ಅರ್ಧ ಊರು ಮುಳುಗಿತು. ಎರಡನ್ನೂ ಮತ್ತೆ ಕಟ್ಟಿದರು. ಆಮೇಲೆ ವರಸ್‌ಗಾಂವ್, ಟೇಮ್‌ಘರ್ ಸೇರಿದವು. ಈಗ ನಾಲ್ಕೂ ತುಂಬಿದರೆ ಸುಮಾರು 29 ಟಿಎಂಸಿ. ಅದರಲ್ಲಿ ಕಾಲುವೆ ಹಿಡಿದು ದೌಂಡ್, ಇಂದಾಪುರದ ಹೊಲಗಳಿಗೆ ಹೋಗುವುದೂ ಇದೆ. ನಗರ ಜಾಸ್ತಿ ಎತ್ತಿದರೆ ರೈತರಿಗೆ ಸಿಟ್ಟು, ಅವರ ಸಿಟ್ಟು ನ್ಯಾಯವಾದದ್ದೇ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕವೇನೋ ಇದೆ. ಆದರೆ ತಲೆ ಎಷ್ಟು ಎಂಬುದರಲ್ಲೇ ನೀರಾವರಿ ಇಲಾಖೆಗೂ ಕಾರ್ಪೊರೇಷನ್‌ಗೂ ವರ್ಷ ವರ್ಷ ಜಗ್ಗಾಟ.

ಗಂಟು ಬಿದ್ದಿರುವುದು ಊರ ಗಡಿಯಲ್ಲಿ. 1997ರಲ್ಲಿ 38 ಹಳ್ಳಿಗಳನ್ನು ನಗರಕ್ಕೆ ಸೇರಿಸಿದರು. ನಾಲ್ಕೇ ವರ್ಷಕ್ಕೆ ಕೆಲವನ್ನು ಮತ್ತೆ ಹೊರಗಿಟ್ಟರು. ಗ್ರಾಮ ಪಂಚಾಯಿತಿಗಳಾಗಿಯೇ ಉಳಿದ ಹಳ್ಳಿಗಳಲ್ಲಿ ಕಟ್ಟಡಗಳು ಮಾತ್ರ ನಿಲ್ಲಲಿಲ್ಲ. ಐಟಿ ಕೆಲಸ ಹಿಡಿದು ಬಂದವರಿಗೆ ಊರೊಳಗಿನ ಬೆಲೆ ಕೈಗೆಟುಕಲಿಲ್ಲ, ಇಲ್ಲಿ ಮನೆ ತಗೊಂಡರು. ನಾವೂ ಹಾಗೇ ಬಂದವರು. ಕಾರ್ಪೊರೇಷನ್ ನೀರು ಬರುವವರೆಗೆ ನೀರು ಕೊಡುವುದು ನಮ್ಮ ಜವಾಬ್ದಾರಿ ಅಂತ ಬಿಲ್ಡರ್ ಬರೆದುಕೊಡುವುದು ರೂಢಿ. ಸೊಸೈಟಿ ನಮ್ಮ ಕೈಗೆ ಬಂದ ಮೇಲೆ ಆ ಕಾಗದ ಫೈಲಿನಲ್ಲೇ ಉಳಿಯಿತು, ಟ್ಯಾಂಕರ್ ಬಿಲ್ಲು ಮೆಂಟೆನೆನ್ಸ್‌ಗೆ ಸೇರಿತು.

2017ರಲ್ಲಿ ಉಂಡ್ರಿ ಸೇರಿ 11 ಹಳ್ಳಿಗಳು ಒಳಗೆ ಬಂದವು. 2021ರ ಜೂನ್‌ನಲ್ಲಿ ವಾಘೋಲಿ, ಸೂಸ್, ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟ್‌ವಾಡಿ ಸೇರಿ ಇನ್ನೂ 23. ಒಂದೇ ದಿನಕ್ಕೆ ಪುಣೆ ವಿಸ್ತಾರದಲ್ಲಿ ಮುಂಬೈಯನ್ನೇ ಮೀರಿಸಿತು. ಗಡಿ ಹಿಗ್ಗಿಸಲು ಒಂದು ಆದೇಶ ಸಾಕು, ಅಲ್ವಾ? ನೀರಿಗೆ ಹಾಗಲ್ಲ. ಎತ್ತರದಲ್ಲಿ ಟ್ಯಾಂಕಿಗೆ ಜಾಗ ಬೇಕು, ಪಂಪು ಬೇಕು, ಮುಖ್ಯ ಪೈಪಿಗೆ ರಸ್ತೆ ಅಗೆಯಬೇಕು. ಇಲ್ಲಿ ರಸ್ತೆಯೇ ಇನ್ನೂ ಎತ್ತಿನ ಗಾಡಿಯ ಅಗಲಕ್ಕಿದೆ. ಆ 11 ಹಳ್ಳಿಗಳ ಜೊತೆ ಬಂದಿದ್ದ ಫುರ್ಸುಂಗಿ, ಉರುಳಿ ದೇವಾಚಿಗಳನ್ನು ಮತ್ತೆ ಹೊರಗೆ ತೆಗೆದು ಬೇರೆ ನಗರ ಪರಿಷತ್ತು ಮಾಡಿದ್ದಾರೆ. ಪುಣೆಯ ಕಸದ ಡಿಪೋ ಇರುವುದು ಅಲ್ಲೇ. ಬಾವಿ ನೀರು ಕೆಟ್ಟು ಎಷ್ಟೋ ವರ್ಷವಾಗಿದೆ.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಒಬ್ಬರ ಹಿಂದೆ ಒಬ್ಬರಿಗೆ ನರಗಳಿಗೆ ಹೊಡೆತ ಕೊಡುವ ಗೀಯನ್ ಬಾರೆ ಕಾಯಿಲೆ ಕಾಣಿಸಿತು. ಕೈಕಾಲು ಸೋತು, ಕೆಲವರಿಗೆ ಉಸಿರಾಟಕ್ಕೂ ಯಂತ್ರ ಬೇಕಾಯಿತು. ಜಾಸ್ತಿ ಜನ ನಾಂದೇಡ್, ಕಿರ್ಕಟ್‌ವಾಡಿ, ಧಾಯರಿ ಸುತ್ತಿನವರು. ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. ನಾಂದೇಡ್‌ನ ಬಾವಿಯ ನೀರು ಕ್ಲೋರಿನ್ ಹಾಕಿ ಮನೆಗಳಿಗೆ ಹೋಗುತ್ತಿತ್ತು, ಪೂರ್ತಿ ಶುದ್ಧೀಕರಣ ಇರಲಿಲ್ಲ. ಖಡಕ್‌ವಾಸ್ಲಾ ಅಲ್ಲಿಂದ ಕೂಗಳತೆಯಲ್ಲಿದೆ. ಪುಣೆಯ ಬಹುಪಾಲು ನೀರು ಹೋಗುವುದು ಅವರ ಪಕ್ಕದಿಂದಲೇ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಗಲ್ಲಿಯ ಕೊನೆಯಲ್ಲಿ ಈಗ ಇನ್ನೊಂದು ಕಟ್ಟಡ ಏಳುತ್ತಿದೆ. ಕಲಬುರಗಿ ಕಡೆಯ ಗಾರೆ ಕೆಲಸದವರು ಸಂಜೆ ಡ್ರಮ್ಮಿನ ನೀರಲ್ಲಿ ಕೈಕಾಲು ತೊಳೆದು, ಅದೇ ಡ್ರಮ್ಮಿಂದ ಅಡುಗೆಗೂ ತಗೊಳ್ಳುತ್ತಾರೆ. ಅದನ್ನು ತುಂಬಿಸುವುದೂ ಟ್ಯಾಂಕರೇ. ಕಾರ್ಪೊರೇಷನ್ ಪೈಪು ಗಲ್ಲಿಗೆ ಇನ್ನೂ ಬಂದಿಲ್ಲ. ಸಂಪು ಮಾತ್ರ ಆಗಲೇ ತೋಡಿದ್ದಾರೆ, ನಮ್ಮದರ ಎರಡರಷ್ಟಿದೆ.