ನೋವು ನಿವಾರಕ ನಳಿಕೆ: ಹಾಕಿದ ಮೇಲೆ ಶುರುವಾಗುವ ಕೆಲಸ

ಮುಂಗೈ ಮೂಳೆ ಮುರಿದು ಪ್ಲೇಟ್ ಹಾಕಿಸಿಕೊಂಡವರಿಗೆ ಆಪರೇಷನ್ನಿನ ದಿನ ಸಾಮಾನ್ಯವಾಗಿ ನೆಮ್ಮದಿಯಾಗಿಯೇ ಕಳೆಯುತ್ತದೆ. ಬೆಳಿಗ್ಗೆ ಅರಿವಳಿಕೆ ತಜ್ಞರಾದ ನಾವು ಕೊರಳೆಲುಬಿನ ಬಳಿ ಒಂದು ಇಂಜೆಕ್ಷನ್ ಕೊಟ್ಟಿರುತ್ತೇವೆ. ಕೈ ಪೂರ್ತಿ ಮರಗಟ್ಟಿ, ರೋಗಿ ಎಚ್ಚರವಾಗಿರುವಾಗಲೇ ಕೆಲಸ ಮುಗಿದಿರುತ್ತದೆ. ಮಧ್ಯಾಹ್ನ ಮೊಸರನ್ನ, ಸಂಜೆ ನೋಡಲು ಬಂದವರೊಂದಿಗೆ ಹರಟೆ. ನೋವೇ ಇಲ್ಲವಲ್ಲ ಎಂದು ನರ್ಸ್ ಕೊಟ್ಟ ಮಾತ್ರೆಯನ್ನು ದಿಂಬಿನ ಪಕ್ಕ ಇಟ್ಟುಬಿಡುವವರೂ ಇದ್ದಾರೆ. ಆದರೆ ಆ ಇಂಜೆಕ್ಷನ್ನಿನಲ್ಲಿರುವ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಕೆಲಸ ಮಾಡುವುದು ಹನ್ನೆರಡು, ಹೆಚ್ಚೆಂದರೆ ಹದಿನಾರು ಗಂಟೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟದ್ದು ಇಳಿಯುವುದು ಸರಿಯಾಗಿ ನಡುರಾತ್ರಿಗೆ. ಆಗ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಗೇ ನುಗ್ಗುತ್ತದೆ. ವಾರ್ಡಿನಲ್ಲಿ ಒಬ್ಬರೇ ನರ್ಸ್, ಔಷಧಿ ಅಂಗಡಿ ಮುಚ್ಚಿದೆ, ಸರ್ಜನ್ ಮಲಗಿದ್ದಾರೆ. ಬೆಳಗಾಗುವಷ್ಟರಲ್ಲಿ ರೋಗಿಗೂ ಮನೆಯವರಿಗೂ ಆಪರೇಷನ್ ಮೇಲಿನ ನಂಬಿಕೆಯೇ ಹೋಗಿರುತ್ತದೆ.

ಮೂಳೆಯ ದೊಡ್ಡ ಶಸ್ತ್ರಚಿಕಿತ್ಸೆಯ ನೋವು ಜೋರಾಗಿರುವುದು ಮೊದಲ ಎರಡು ಮೂರು ದಿನ. ಒಂದೇ ಸಲದ ಇಂಜೆಕ್ಷನ್ ಅಷ್ಟು ದೂರ ತಲುಪುವುದಿಲ್ಲ. ಆ ಅಂತರವನ್ನು ತುಂಬಲು ನಾವು ನರದ ಪಕ್ಕದಲ್ಲಿ ತೆಳುವಾದ ನಳಿಕೆಯೊಂದನ್ನು ಇರಿಸಿ, ಅದರ ಮೂಲಕ ಮರಗಟ್ಟಿಸುವ ಔಷಧಿಯನ್ನು ಹನಿಹನಿಯಾಗಿ ಬಿಡುತ್ತೇವೆ. ವಾರ್ಡಿನಲ್ಲಿ ಎಲ್ಲರೂ ಇದನ್ನು ಕರೆಯುವುದು ಕ್ಯಾಥೆಟರ್ ಎಂದೇ. ಮೂತ್ರದ ಕ್ಯಾಥೆಟರ್ ಎಂದುಕೊಂಡು ಗಾಬರಿಯಾಗುವ ಮನೆಯವರಿಗೆ ಅದು ಬೇರೆ, ಇದು ಬೇರೆ ಎಂದು ಮೊದಲೇ ಹೇಳಿಬಿಡುವುದು ವಾಸಿ.

ಈ ಯೋಚನೆ ಹಳೆಯದು. 1911ರಲ್ಲಿ ಜರ್ಮನಿಯ ಕುಲೆನ್‌ಕಾಂಪ್ ಕೊರಳೆಲುಬಿನ ಮೇಲಿನಿಂದ ಸೂಜಿ ಹಾಕಿ ಕೈಯ ನರಗಳನ್ನು ಮರಗಟ್ಟಿಸುವ ದಾರಿ ತೋರಿಸಿದ, ಮೊದಲು ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು. 1946ರಲ್ಲಿ ಆನ್ಸ್‌ಬ್ರೊ ಎಂಬ ವೈದ್ಯ ಅದೇ ಜಾಗದಲ್ಲಿ ಸೂಜಿಯನ್ನು ತೆಗೆಯದೆ ಬಿಟ್ಟು, ಅಲುಗಾಡದಂತೆ ಬೆಂಡಿನ ತುಂಡಿನ ಆಸರೆ ಕೊಟ್ಟು, ಬೇಕಾದಾಗಲೆಲ್ಲ ಔಷಧಿ ಹಾಕುತ್ತಾ ಹೋದ. ಇಂದಿನ ಕ್ಯಾಥೆಟರ್‌ಗಳ ಮುತ್ತಜ್ಜ ಆ ಬೆಂಡಿನ ಸೂಜಿ. ಆ ಕಾಲದಲ್ಲಿ ಎಲ್ಲವೂ ಬೆರಳಿನ ಅಂದಾಜು. ಸೂಜಿಯ ತುದಿ ನರಕ್ಕೆ ತಾಗಿದಾಗ ರೋಗಿಗೆ ಕರೆಂಟ್ ಹೊಡೆದಂತಾಗುತ್ತಿತ್ತು, ವೈದ್ಯರಿಗೆ ಅದೇ ಗುರುತು. ಆಮೇಲೆ ಸಣ್ಣ ವಿದ್ಯುತ್ ಪ್ರವಾಹ ಹರಿಸಿ ಬೆರಳು ಕುಣಿಯುವುದನ್ನು ನೋಡಿ ಜಾಗ ಹಿಡಿಯುವ ಯಂತ್ರ ಬಂತು. ಅಲ್ಟ್ರಾಸೌಂಡ್ ಪರದೆಯಲ್ಲಿ ನರವನ್ನೂ ಸೂಜಿಯನ್ನೂ ನೋಡುತ್ತಲೇ ಔಷಧಿ ಕೊಡುವುದನ್ನು ವಿಯೆನ್ನಾದ ಕಾಪ್ರಾಲ್ ಮತ್ತು ಸಂಗಡಿಗರು ವರದಿ ಮಾಡಿದ್ದು 1994ರಲ್ಲಿ.

ಪರದೆಯಲ್ಲಿ ಏನು ಕಾಣುತ್ತದೆ? ಕೊರಳೆಲುಬಿನ ಮೇಲಿನ ಗುಳಿಯಲ್ಲಿ ಜೆಲ್ ಹಚ್ಚಿದ ಪ್ರೋಬ್ ಇಟ್ಟೊಡನೆ ಮೊದಲು ಕಣ್ಣಿಗೆ ಬೀಳುವುದು ಮಿಡಿಯುವ ಕಪ್ಪು ವೃತ್ತ, ಕೈಗೆ ರಕ್ತ ಒಯ್ಯುವ ಧಮನಿ. ಅದರ ಕೆಳಗೆ ಮೊದಲ ಪಕ್ಕೆಲುಬು ಬೆಳ್ಳಗಿನ ಗೆರೆಯಾಗಿ ಕಾಣುತ್ತದೆ. ಪಕ್ಕೆಲುಬಿನ ಅಕ್ಕಪಕ್ಕದಲ್ಲಿ ಉಸಿರಾಟದೊಂದಿಗೆ ಜಾರುವ ಹೊಳೆಯುವ ಇನ್ನೊಂದು ಗೆರೆ ಶ್ವಾಸಕೋಶದ ಪೊರೆ. ಅಲ್ಲಿಗೆ ಸೂಜಿ ತಾಗಿದರೆ ಎದೆಯೊಳಗೆ ಗಾಳಿ ಸೇರುತ್ತದೆ. ಬೆರಳಿನ ಅಂದಾಜಿನ ಕಾಲದಲ್ಲಿ ಈ ದಾರಿಗೆ ನಮ್ಮ ಹಿರಿಯರು ಹೆದರುತ್ತಿದ್ದುದು ಇದೇ ಕಾರಣಕ್ಕೆ. ಧಮನಿಯ ಹೊರಮಗ್ಗುಲಿನಲ್ಲಿ, ತುಸು ಮೇಲಕ್ಕೆ, ದ್ರಾಕ್ಷಿ ಗೊಂಚಲಿನಂತೆ ಒತ್ತೊತ್ತಾಗಿ ನರಗಳಿರುತ್ತವೆ. ಸೂಜಿಯನ್ನು ಪಕ್ಕದಿಂದ, ಅದರ ಉದ್ದಕ್ಕೂ ಕಾಣುವಂತೆ ಸಾಗಿಸಬೇಕು. ತುದಿ ಕಾಣದಿದ್ದರೆ ಮುಂದೆ ಹೋಗಬಾರದು. ಕಲಿಯಲು ಬರುವ ಕಿರಿಯ ವೈದ್ಯರಿಗೆ ನಾನು ಹೆಚ್ಚು ಸಲ ಹೇಳುವ ಮಾತು ಇದೊಂದೇ. ಅವರ ಕಣ್ಣು ಯಾವಾಗಲೂ ನರದ ಮೇಲೆ. ಸೂಜಿಯ ತುದಿ ಎಲ್ಲೋ ಕತ್ತಲಲ್ಲಿ.

ನಳಿಕೆ ಹಾಕುವ ಸೂಜಿ ಮಾಮೂಲಿ ಸೂಜಿಗಿಂತ ದಪ್ಪ, ಹದಿನೆಂಟು ಗೇಜಿನದು, ತುದಿ ತುಸು ಬಾಗಿರುತ್ತದೆ. ಆದ್ದರಿಂದ ಚರ್ಮವನ್ನು ಮೊದಲೇ ಮರಗಟ್ಟಿಸಿಕೊಳ್ಳುತ್ತೇವೆ. ನರದ ಪಕ್ಕ ತಲುಪಿದ ಮೇಲೆ ಸ್ವಲ್ಪ ದ್ರವ ಬಿಟ್ಟು ಜಾಗ ಮಾಡಿಕೊಂಡು, ಸೂಜಿಯ ಒಳಗಿನಿಂದ ನಳಿಕೆಯನ್ನು ತುದಿಗಿಂತ ಎರಡು ಮೂರು ಸೆಂಟಿಮೀಟರ್ ಮಾತ್ರ ಮುಂದಕ್ಕೆ ತಳ್ಳುತ್ತೇವೆ. ಇನ್ನೂ ತಳ್ಳಿದರೆ ಅದು ಸುರುಳಿ ಸುತ್ತಿಕೊಳ್ಳುತ್ತದೆ ಅಥವಾ ನರದಿಂದ ದೂರ ಓಡುತ್ತದೆ. ಸೂಜಿ ಹೊರತೆಗೆದು, ನಳಿಕೆಯ ಮೂಲಕವೇ ಔಷಧಿ ಬಿಟ್ಟು, ಅದು ನರದ ಸುತ್ತ ಹರಡುವುದನ್ನು ಪರದೆಯಲ್ಲಿ ನೋಡಿದ ಮೇಲೆಯೇ ಪ್ಲಾಸ್ಟರ್ ಅಂಟಿಸುವುದು. ಕೈ ಪಳಗಿದವರಿಗೆ ಇಷ್ಟೂ ಹದಿನೈದು, ಇಪ್ಪತ್ತು ನಿಮಿಷದ ಕೆಲಸ.

ಯಾವ ಆಪರೇಷನ್‌ಗೆ ಯಾವ ಜಾಗ ಎಂಬುದರಲ್ಲಿ ತಜ್ಞರ ನಡುವೆ ವಾದವಿದೆ. ಮೊಣಕೈ, ಮುಂಗೈಗೆ ನಳಿಕೆ ಬೇಕಾದಾಗ ನಾನು ಕೊರಳೆಲುಬಿನ ಮೇಲೆ ಬಿಟ್ಟು ಕೆಳಗಿನ ದಾರಿ ಹಿಡಿಯುತ್ತೇನೆ. ಅಲ್ಲಿ ಎದೆಯ ಸ್ನಾಯುವನ್ನು ದಾಟಿ ಹೋಗುವುದರಿಂದ ನಳಿಕೆ ಗಟ್ಟಿಯಾಗಿ ಕೂರುತ್ತದೆ. ಕುತ್ತಿಗೆ ತಿರುಗಿಸಿದಾಗಲೆಲ್ಲ ಎಳೆದಾಡುವುದಿಲ್ಲ. ಭುಜದ ಶಸ್ತ್ರಚಿಕಿತ್ಸೆಗೆ ಕುತ್ತಿಗೆಯಲ್ಲೇ ಹಾಕಬೇಕಾಗುತ್ತದೆ. ಅದರಲ್ಲಿ ಒಂದು ತೊಡಕಿದೆ. ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟ ನಡೆಸುವ ಸ್ನಾಯು ವಪೆ. ಅದನ್ನು ಆಡಿಸುವ ನರವೂ ಅಲ್ಲೇ ಹತ್ತಿರದಲ್ಲಿ ಹಾದುಹೋಗುವುದರಿಂದ ಆ ಬದಿಯ ವಪೆ ತಾತ್ಕಾಲಿಕವಾಗಿ ಸೋಮಾರಿಯಾಗುತ್ತದೆ. ಆರೋಗ್ಯವಂತರಿಗೆ ಅದು ಗೊತ್ತೇ ಆಗದಿರಬಹುದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಾತ್ರ ಉಸಿರು ಸಾಲದಾಗುತ್ತದೆ, ಅವರಿಗೆ ಈ ದಾರಿ ಬೇಡ. ರೆಪ್ಪೆ ಜೋತುಬೀಳುವುದು, ಧ್ವನಿ ಒಡೆಯುವುದು ಕೂಡ ಆಗುತ್ತದೆ. ಮೊದಲೇ ಹೇಳದಿದ್ದರೆ ಮನೆಯವರು ಪಾರ್ಶ್ವವಾಯು ಬಡಿಯಿತೆಂದು ಅಳುತ್ತಾರೆ.

ಮಂಡಿಯ ಕೀಲು ಬದಲಾವಣೆಗೆ ಹಿಂದೆ ತೊಡೆಸಂದಿಯ ನರಕ್ಕೇ ನಳಿಕೆ ಹಾಕುತ್ತಿದ್ದೆವು. ನೋವು ಹೋಗುತ್ತಿತ್ತು, ಜೊತೆಗೆ ತೊಡೆಯ ಮುಂಭಾಗದ ಸ್ನಾಯುವಿನ ಬಲವೂ ಹೋಗುತ್ತಿತ್ತು. ಬಚ್ಚಲಿಗೆಂದು ಎದ್ದವರು ಕುಸಿದು ಬೀಳುವ ಅಪಾಯ. ಈಗ ತೊಡೆಯ ನಡುಭಾಗದಲ್ಲಿ, ಒಳಮಗ್ಗುಲಿನ ಕಾಲುವೆಯಂಥ ಜಾಗದಲ್ಲಿ ಹಾಕುತ್ತೇವೆ. ಬಲ ಬಹುಮಟ್ಟಿಗೆ ಉಳಿಯುತ್ತದೆ, ಫಿಸಿಯೋಥೆರಪಿಯವರು ಮರುದಿನವೇ ನಡೆಸಬಹುದು. ಆದರೆ ಮಂಡಿಯ ಹಿಂಭಾಗದ ನೋವಿಗೆ ಅದು ಸಾಲದು, ಅದಕ್ಕೆ ಸರ್ಜನ್ ಕೀಲಿನ ಸುತ್ತಲೇ ಔಷಧಿ ಚುಚ್ಚುತ್ತಾರೆ. ನಿಜ ಹೇಳಬೇಕೆಂದರೆ ಮಂಡಿಗೆ ಒಂದೇ ಸಲದ ಇಂಜೆಕ್ಷನ್, ಕೀಲಿನ ಸುತ್ತಲಿನ ಔಷಧಿ ಮತ್ತು ಹೊತ್ತುಹೊತ್ತಿಗೆ ಮಾತ್ರೆ ಬಹಳ ಜನರಿಗೆ ಸಾಕಾಗುತ್ತದೆ. ನಳಿಕೆಯ ಲಾಭ ನಾನು ಸ್ಪಷ್ಟವಾಗಿ ನೋಡುವುದು ಭುಜ, ಮೊಣಕೈ ಮತ್ತು ಪಾದದ ಕೀಲಿನ ದೊಡ್ಡ ಕೆಲಸಗಳಲ್ಲಿ.

ಇಲ್ಲಿಯವರೆಗಿನದು ಆಪರೇಷನ್ ಥಿಯೇಟರಿನ ಮಾತು. ನಮ್ಮ ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಚರ್ಚೆಯಾಗುವುದೂ ಇದೇ. ನಳಿಕೆಯ ಹಣೆಬರಹ ತೀರ್ಮಾನವಾಗುವುದು ಮಾತ್ರ ವಾರ್ಡಿನಲ್ಲಿ.

ನಳಿಕೆಗೆ ಔಷಧಿ ತಳ್ಳುವ ಪಂಪಿನಲ್ಲಿ ಸಾಮಾನ್ಯವಾಗಿ 0.2 ಶೇಕಡ ರೊಪಿವಕೇನ್ ಎಂಬ ಮರಗಟ್ಟಿಸುವ ಔಷಧಿ ಇರುತ್ತದೆ. ಒಂದು ಮಿಲಿಲೀಟರಿನಲ್ಲಿ 2 ಮಿಲಿಗ್ರಾಂ. ಗಂಟೆಗೆ 5 ಮಿಲಿಲೀಟರ್ ಹೋದರೆ ದಿನಕ್ಕೆ 240 ಮಿಲಿಗ್ರಾಂ. 50 ಮಿಲಿಲೀಟರ್ ಸಿರಿಂಜ್ ಹಾಕಿದ್ದರೆ ಹತ್ತು ಗಂಟೆಗೆ ಖಾಲಿ. ಅದನ್ನು ಯಾರು ತುಂಬುತ್ತಾರೆ, ಯಾವುದರಿಂದ ತುಂಬುತ್ತಾರೆ ಎಂಬುದು ನನ್ನ ದೊಡ್ಡ ಚಿಂತೆ. ರೋಗಿಯ ಕೈಗೆ ಸಲೈನ್ ಹಾಕಿದ ಇನ್ನೊಂದು ನಳಿಕೆಯೂ ಇರುತ್ತದೆ, ಎರಡರ ಬಾಯಿಯೂ ಒಂದೇ ಬಗೆ. ಆ್ಯಂಟಿಬಯಾಟಿಕ್ ನರದ ನಳಿಕೆಗೆ ಹೋದರೂ ಕೆಟ್ಟದ್ದೇ, ಮರಗಟ್ಟಿಸುವ ಔಷಧಿ ರಕ್ತನಾಳಕ್ಕೆ ಹೋದರೆ ಇನ್ನೂ ಕೆಟ್ಟದ್ದು. ಬಾಯಿಯ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆಮೇಲೆ ಫಿಟ್ಸ್, ಕೊನೆಗೆ ಹೃದಯವೇ ನಿಲ್ಲಬಹುದು. ಇದಕ್ಕೆ ಮದ್ದು 20 ಶೇಕಡ ಕೊಬ್ಬಿನ ದ್ರಾವಣ. 60 ಕಿಲೋ ತೂಕದವರಿಗೆ ಮೊದಲ ಡೋಸ್ 90 ಮಿಲಿಲೀಟರ್. ಆ ಬಾಟಲಿ ಆಸ್ಪತ್ರೆಯಲ್ಲಿ ಎಲ್ಲಿದೆ ಎಂದು ರಾತ್ರಿಪಾಳಿಯ ನರ್ಸ್‌ಗೆ ಗೊತ್ತಿಲ್ಲದ ಕಡೆ ನಾನು ಪಂಪ್ ಹಚ್ಚುವುದಿಲ್ಲ. ನಳಿಕೆಗೆ ಹಳದಿ ಚೀಟಿ ಅಂಟಿಸಿ, ಅದರ ಮೇಲೆ ಕನ್ನಡದಲ್ಲೇ "ನರದ ನಳಿಕೆ, ಬೇರೆ ಔಷಧಿ ಹಾಕಬಾರದು" ಎಂದು ದಪ್ಪಕ್ಷರದಲ್ಲಿ ಬರೆಸುತ್ತೇನೆ. ರೋಗಿಯ ಜೊತೆಗಿರುವವರೂ ಓದಲಿ ಎಂದು.

ಇನ್ನು ನಳಿಕೆ ಜಾರಿಬರುವುದು. ಬೆವರು, ಬಟ್ಟೆ ಬದಲಿಸುವಾಗಿನ ಎಳೆದಾಟ, ರೋಗಿಯನ್ನು ಎಬ್ಬಿಸಿ ಕೂರಿಸುವ ಅಣ್ಣತಮ್ಮಂದಿರ ಪ್ರೀತಿಯ ಜೋರು, ಯಾವುದು ಬೇಕಾದರೂ ಸಾಕು. ಪ್ಲಾಸ್ಟರಿನ ಕೆಳಗೆ ಒದ್ದೆಯಾಗಿದೆ ಎಂದರೆ ಔಷಧಿ ನರಕ್ಕೆ ಹೋಗದೆ ಚರ್ಮದ ಮೇಲೆ ಹರಿಯುತ್ತಿರಬಹುದು. ಬೆಳಗಿನ ರೌಂಡ್ಸ್‌ನಲ್ಲಿ ನಾನು ಮೊದಲು ಮುಟ್ಟಿ ನೋಡುವುದು ಆ ಪ್ಲಾಸ್ಟರನ್ನು. ಆಮೇಲೆ ನೋವೆಷ್ಟು ಎಂದು ಕೇಳುವುದು, ಸುಮ್ಮನೆ ಮಲಗಿದ್ದಾಗ ಬೇರೆ, ಕೈ ಅಲುಗಿಸಿದಾಗ ಬೇರೆ. ಬೆರಳು ಮಡಚಿ ಬಿಡಿಸಲು ಹೇಳುವುದು. ಮರಗಟ್ಟಿದ ಕೈಗೆ ಬಿಸಿನೀರಿನ ಚೀಲ ಇಟ್ಟು ಸುಟ್ಟುಕೊಳ್ಳಬಾರದು, ಮರಗಟ್ಟಿದ ಹಿಮ್ಮಡಿ ಒಂದೇ ಕಡೆ ಒತ್ತಿ ಹುಣ್ಣಾಗಬಾರದು. ಇವೆರಡನ್ನೂ ಮನೆಯವರಿಗೆ ದಿನವೂ ಹೇಳುತ್ತೇನೆ. ಸಾಮಾನ್ಯವಾಗಿ ಮೂರನೆಯ ದಿನ ತೆಗೆಯುತ್ತೇವೆ, ಹೆಚ್ಚು ದಿನ ಬಿಟ್ಟಷ್ಟೂ ಸೋಂಕಿನ ಭಯ ಹೆಚ್ಚು.

ನಳಿಕೆ ಬೇಡವೆನ್ನುವ ಸರ್ಜನ್ನರ ವಾದದಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ಮೊಣಕಾಲಿನ ಕೆಳಗಿನ ದಪ್ಪ ಮೂಳೆ ಜಜ್ಜಿ ಮುರಿದಾಗ ಮೀನಖಂಡದ ಸ್ನಾಯುಗಳ ಒಳಗೆ ಊತದ ಒತ್ತಡ ಏರಿ ರಕ್ತ ಸಂಚಾರವೇ ನಿಲ್ಲುವ ಅಪಾಯವಿದೆ. ಗಂಟೆಗಳೊಳಗೆ ಸೀಳಿ ಒತ್ತಡ ಬಿಡಿಸದಿದ್ದರೆ ಸ್ನಾಯು ಸಾಯುತ್ತದೆ. ಅದರ ಮೊದಲ ಎಚ್ಚರಿಕೆ ಎಂದರೆ ಮಿತಿಮೀರಿದ ನೋವು. ಕಡಿಮೆ ಸಾಂದ್ರತೆಯ ಔಷಧಿ ಆ ನೋವನ್ನು ಪೂರ್ತಿ ಮುಚ್ಚುವುದಿಲ್ಲ ಎಂದು ನಮ್ಮವರು ವಾದಿಸುತ್ತಾರೆ. ಇರಬಹುದು. ಆದರೆ ಗಂಟೆಗಂಟೆಗೂ ಕಾಲು ಒತ್ತಿ ನೋಡುವ ವ್ಯವಸ್ಥೆಯಿಲ್ಲದ ವಾರ್ಡಿನಲ್ಲಿ ಆ ವಾದವನ್ನು ರೋಗಿಯ ಕಾಲಿನ ಮೇಲೆ ಪರೀಕ್ಷಿಸಲು ನನಗೆ ಮನಸ್ಸಿಲ್ಲ.

ಸಣ್ಣ ಊರುಗಳಲ್ಲಿ ಈ ಸೌಲಭ್ಯ ಅಪರೂಪವಾಗಲು ಇನ್ನೊಂದು ಕಾರಣವಿದೆ, ಅದು ಹೊರಗಿನವರಿಗೆ ವಿಚಿತ್ರವೆನ್ನಿಸಬಹುದು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರ ಯಾರಲ್ಲಿದ್ದರೂ, ಅದು ನರ ನೋಡುವುದಕ್ಕೇ ಇದ್ದರೂ, ನೋಂದಣಿಯಾಗಬೇಕು. ಒಂದು ಆಸ್ಪತ್ರೆಯಲ್ಲಿ ನೋಂದಾಯಿಸಿದ ಸಣ್ಣ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಇನ್ನೊಂದು ಆಸ್ಪತ್ರೆಗೆ ಒಯ್ಯುವಂತಿಲ್ಲ. ನಮ್ಮಲ್ಲಿ ಬಹಳ ಅರಿವಳಿಕೆ ತಜ್ಞರು ಬೆಳಿಗ್ಗೆ ಒಂದು ನರ್ಸಿಂಗ್ ಹೋಮ್, ಮಧ್ಯಾಹ್ನ ಮತ್ತೊಂದು ಎಂದು ಸುತ್ತುವವರು. ಅವರ ಬ್ಯಾಗಿನಲ್ಲಿ ಸೂಜಿ ಇರುತ್ತದೆ, ಯಂತ್ರ ಇರುವಂತಿಲ್ಲ. ಈ ನಿಯಮದ ಬಗ್ಗೆ ನನ್ನ ಸಹೋದ್ಯೋಗಿಗಳು ಗೊಣಗುವುದನ್ನು ಕೇಳಿದ್ದೇನೆ, ನಾನೂ ಗೊಣಗಿದ್ದೇನೆ. ಆದರೆ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ದಂಧೆ ನಡೆಯುತ್ತಿದ್ದುದು ಬಯಲಾದ ಮೇಲೆ ನಿಯಮ ಸಡಿಲಿಸಿ ಎಂದು ಕೇಳಲು ಯಾವ ಮುಖವಿದೆ? ಆಸ್ಪತ್ರೆಗಳೇ ಯಂತ್ರ ಕೊಂಡು, ನೋಂದಾಯಿಸಿ ಇಟ್ಟುಕೊಳ್ಳುವುದೊಂದೇ ಸದ್ಯದ ದಾರಿ.

ನಿಮಗೋ ನಿಮ್ಮ ಮನೆಯವರಿಗೋ ಇಂಥ ನಳಿಕೆ ಹಾಕುವ ಮಾತು ಬಂದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ, ಸಕ್ಕರೆ ಕಾಯಿಲೆಯಿಂದ ಕೈಕಾಲು ಮೊದಲೇ ಜೋಮು ಹಿಡಿಯುತ್ತಿದ್ದರೆ, ಅದನ್ನು ಆಪರೇಷನ್ನಿಗೆ ಮುನ್ನವೇ ಹೇಳಿ. ಮೊದಲೇ ಇದ್ದ ಜೋಮನ್ನು ಆಮೇಲೆ ನಳಿಕೆಯ ತಲೆಗೆ ಕಟ್ಟುವಂತಾಗಬಾರದು. ನೋವಿನ ಮಾತ್ರೆಗಳನ್ನು ನೋವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ನುಂಗಿ, ನಳಿಕೆ ಅವುಗಳ ಬದಲಿಗೆ ಬಂದದ್ದಲ್ಲ. ಪಂಪನ್ನು ಬೆಳಿಗ್ಗೆ ನಿಲ್ಲಿಸುತ್ತಾರೋ ಸಂಜೆಯೋ ಎಂದು ಕೇಳಿ. ಬೆಳಿಗ್ಗೆ ನಿಲ್ಲಿಸಿದರೆ ಮಿಕ್ಕ ನೋವು ಎಲ್ಲರೂ ಎದ್ದಿರುವ ಹೊತ್ತಿನಲ್ಲಿ ಬರುತ್ತದೆ, ನೋಡಿಕೊಳ್ಳುವುದು ಸುಲಭ. ಪಂಪಿನ ಬಗ್ಗೆ ಅಪರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿ. ಒಬ್ಬರ ಹೆಸರು, ನಂಬರ್ ಬರೆದುಕೊಟ್ಟರೆ ಒಪ್ಪಿಕೊಳ್ಳಿ. ಯಾರಾದರೂ ಇರುತ್ತಾರೆ ಬಿಡಿ ಎಂಬ ಉತ್ತರ ಬಂದರೆ, ಒಂದೇ ಸಲದ ಇಂಜೆಕ್ಷನ್ನೂ ಮಾತ್ರೆಗಳೂ ಸಾಕೆಂದು ಹೇಳಿಬಿಡಿ.