ಫ್ಯಾನ್ ಕೊಳ್ಳುವ ಮೊದಲು ಪಕ್ಕದ ಮುಚ್ಚಳ ತೆಗೆದು ನೋಡಿ

ಬೇಸಿಗೆ ಬಂತೆಂದರೆ ನನ್ನ ಕಂಪ್ಯೂಟರ್ ಸರ್ವಿಸ್ ಟೇಬಲ್ ಮುಂದೆ ಕೇಳುವ ಮಾತು ಒಂದೇ. "ಗೇಮ್ ಹಾಕಿದ ಅರ್ಧ ಗಂಟೆಗೆ ಸ್ಲೋ ಆಗುತ್ತೆ ಸಾರ್, ಫ್ಯಾನ್ ವಿಮಾನದ ಥರ ಕೂಗುತ್ತೆ. ಇನ್ನೆರಡು ಫ್ಯಾನ್ ಹಾಕಿಬಿಡಿ." ಹಾಕಬಹುದು, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಣ್ಣದ ಲೈಟಿನ ಫ್ಯಾನುಗಳಿಗೇನು ಬರವೇ? ಆದರೆ ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಹೊಸ ಫ್ಯಾನು ಕೂಡ ಒಳಗಿನ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆ ಮಾಡಿ. ಎಚ್‌ಡಬ್ಲ್ಯೂ ಇನ್ಫೋ ಥರದ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಭಾರಿ ಗೇಮ್ ಒಂದನ್ನು 20 ನಿಮಿಷ ಆಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಷ್ಟು ಡಿಗ್ರಿಗೆ ಹೋಯಿತು ಅಂತ ಬರೆದಿಡಿ. ಆಮೇಲೆ ಕ್ಯಾಬಿನೆಟ್ಟಿನ, ಅಂದರೆ ಕಂಪ್ಯೂಟರಿನ ಭಾಗಗಳಿರುವ ಪೆಟ್ಟಿಗೆಯ, ಪಕ್ಕದ ಮುಚ್ಚಳ ತೆಗೆದು ಅದೇ ಗೇಮ್, ಅಷ್ಟೇ ಹೊತ್ತು. 8–10 ಡಿಗ್ರಿ ಇಳಿದರೆ ಕ್ಯಾಬಿನೆಟ್ಟಿಗೆ ಉಸಿರು ಕಟ್ಟಿದೆ. ಬರೀ 2–3 ಡಿಗ್ರಿ ಇಳಿದರೆ ತೊಂದರೆ ಬೇರೆ ಕಡೆ ಇದೆ. ಪ್ರೊಸೆಸರಿನ ಬಿಸಿ ಹೀರುವ ಲೋಹದ ಹೀಟ್‌ಸಿಂಕ್‌ನಲ್ಲಿ ಧೂಳು ಕೂತಿರಬಹುದು, ಇಲ್ಲವೇ ಅವೆರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅಂಥ ಕಡೆ ಕ್ಯಾಬಿನೆಟ್ ಫ್ಯಾನ್ ಕೊಳ್ಳುವುದು ದುಡ್ಡು ದಂಡ.

"ಹಾಗಾದ್ರೆ ಮುಚ್ಚಳ ತೆಗೆದೇ ಇಡೋಣ, ಅಲ್ವಾ?" ಎನ್ನುವವರೂ ಇದ್ದಾರೆ. ಬೇಡ. ಒಂದು ಕಡೆ ಮೆಟ್ರೋ ಕೆಲಸ, ಇನ್ನೊಂದು ಕಡೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಧೂಳು. ಜೊತೆಗೆ ಬೆಚ್ಚಗಿನ ಜಾಗ ಹುಡುಕುವ ಜಿರಲೆಗಳು.

ಅಂದ ಹಾಗೆ ಎಲ್ಲ ಬಿಸಿಯೂ ಕಾಯಿಲೆಯಲ್ಲ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುವುದು 100 ಡಿಗ್ರಿ ಹತ್ತಿರ. ಎಎಂಡಿ ರೈಜನ್ 7000 ಸಾಲಿನ ಹೆಚ್ಚಿನವುಗಳಲ್ಲಿ ಅದು 95. ಗೇಮ್ ಆಡುವಾಗ 75–80 ಕಂಡರೆ ಸುಮ್ನೆ ಆಡಿಕೊಳ್ಳಿ.

ಉಸಿರು ಕಟ್ಟಿರುವುದೇ ನಿಜವಾದರೆ ಮೊದಲು ಮುಂಭಾಗ ನೋಡಿ. ಪೂರ್ತಿ ಗಾಜು ಹೊದಿಸಿದ ಕ್ಯಾಬಿನೆಟ್ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಗಾಳಿ ಬರಬೇಕಾದದ್ದು ಅಂಚಿನ ಸಣ್ಣ ಸಂದಿಯಿಂದ. ನನ್ನ ಕೇಳಿದರೆ ಜಾಲರಿ ಮುಖದ್ದನ್ನೇ ತಗೊಳ್ಳಿ ಅಂತೀನಿ. ಮುಂದೆ ಎರಡು ಫ್ಯಾನ್ ಗಾಳಿ ಎಳೆಯಲಿ, ಹಿಂದೆ ಒಂದು ಹೊರಗೆ ತಳ್ಳಲಿ. ಮನೆಯ ಮಾಮೂಲಿ ಗೇಮಿಂಗ್ ಕಂಪ್ಯೂಟರಿಗೆ ಇಷ್ಟು ಸಾಕು. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಸಂದುಗೊಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಬರುವ ಧೂಳಿನಲ್ಲಿ ಹೆಚ್ಚಿನದು ಮುಂದಿನ ಫಿಲ್ಟರಿನಲ್ಲೇ ಸಿಗುತ್ತದೆ, ಅದನ್ನು ತಿಂಗಳಿಗೊಮ್ಮೆ ತೊಳೆದು ಒಣಗಿಸಿದರೆ ಆಯಿತು. ಮೇಲ್ಭಾಗದಲ್ಲಿ ಫ್ಯಾನ್ ಬೇಕೆಂದರೆ ಹಿಂಬದಿಗೆ ಹಾಕಿಸಿ. ಮುಂಬದಿಗೆ ಹಾಕಿದರೆ ಈಗಷ್ಟೇ ಒಳಬಂದ ತಂಪು ಗಾಳಿ ಪ್ರೊಸೆಸರ್ ಮುಟ್ಟುವ ಮೊದಲೇ ಮೇಲಿಂದ ಹೊರಟುಹೋಗುತ್ತದೆ.

ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿರುವುದನ್ನು ಜಾಸ್ತಿ ನೋಡುತ್ತೇನೆ. ಮೋಟಾರು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಕಡೆ ಕಾಣುತ್ತವೋ, ಸಾಮಾನ್ಯವಾಗಿ ಗಾಳಿ ಹೊರಬೀಳುವುದು ಆ ಕಡೆಗೆ. ಅನುಮಾನವಿದ್ದರೆ ಊದುಬತ್ತಿ ಹಚ್ಚಿ, ಕ್ಯಾಬಿನೆಟ್ಟಿನ ಹೊರಗೇ, ಜಾಲರಿ ಹತ್ತಿರ ಹಿಡಿಯಿರಿ. ಮುಂದೆ ಹೊಗೆ ಒಳಗೆ ಎಳೆಯಬೇಕು, ಹಿಂದೆ ಹೊರಗೆ ಚದುರಬೇಕು. ಇನ್ನು ವೈರು ಕಟ್ಟಿ ಒಪ್ಪ ಮಾಡುವ ಕೆಲಸ: ಮುಂದಿನ ಫ್ಯಾನಿಗೆ ಅಡ್ಡ ಬರದಿದ್ದರೆ ಸಾಕು, ಉಳಿದದ್ದು ಕಣ್ಣಿಗೆ ಚೆಂದ ಅಷ್ಟೇ.

ಬೆಂಗಳೂರು ತಂಪು ಊರು ಎಂಬ ಧೈರ್ಯ ಏಪ್ರಿಲ್‌ನಲ್ಲಿ ಬೇಡ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ರೂಮಿನ ಬಿಸಿ 5 ಡಿಗ್ರಿ ಏರಿದರೆ ಕ್ಯಾಬಿನೆಟ್ಟಿನೊಳಗೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ದ್ರವ ಹರಿಸಿ ತಂಪು ಮಾಡುವ ಲಿಕ್ವಿಡ್ ಕೂಲರ್ ಹಾಕಿದರೂ ಅಷ್ಟೇ, ಅದು ಕೊನೆಗೆ ಬಿಸಿ ಬಿಡುವುದು ಇದೇ ಗಾಳಿಗೆ. ಊರು 900 ಮೀಟರಿಗಿಂತ ಎತ್ತರದಲ್ಲಿ ಇರುವುದರಿಂದ ಇಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ತೆಳು. ಅಂದರೆ ಅದೇ ಫ್ಯಾನು ಚೆನ್ನೈಗಿಂತ ಇಲ್ಲಿ ತುಸು ಕಡಿಮೆ ಬಿಸಿ ಹೊರುತ್ತದೆ. ದೊಡ್ಡ ವ್ಯತ್ಯಾಸವೇನಲ್ಲ, ಆದರೆ ಇದೆ.

ಧೂಳು ಹೊಡೆಯುವಾಗ ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬ್ಲೋವರ್ ರಭಸಕ್ಕೆ ಅದು ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕೊನೆಗೆ ಕಂಪ್ಯೂಟರ್ ಟೇಬಲ್ಲು. ಅದರ ಕೆಳಗಿನ ಬಾಗಿಲಿರುವ ಖಾನೆಯಲ್ಲಿ ಕ್ಯಾಬಿನೆಟ್ ಇಟ್ಟು ಬಾಗಿಲು ಹಾಕಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಬಾಗಿಲು ಕಳಚಿ, ಖಾನೆಯ ಹಿಂದಿನ ಹಲಗೆಯನ್ನೂ ತೆಗೆಸಿ, ಗೋಡೆಗೆ ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ಇಡುವವರು ಒಂದು ಸ್ಟ್ಯಾಂಡ್ ಕೊಡಿ. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಕೆಳಗಿನಿಂದ ಗಾಳಿ ಎಳೆಯುವ ಮಾದರಿಯಾದರೆ ಕಸ ಗುಡಿಸಿದ ಧೂಳೆಲ್ಲ ಅದರೊಳಗೇ ಹೋಗುತ್ತದೆ.